ಬಲೆಯ ಒಂದು ಕಣ್ಣು ಹರಿದರೆ

ಮಂಗಳೂರಿನ ದಕ್ಕೆಯಿಂದ ಹೊರಟ ಟ್ರಾಲ್ ಬೋಟು ಬೆಂಗ್ರೆಯನ್ನು ಬಲಕ್ಕೆ ಬಿಟ್ಟು ಅಳಿವೆ ಬಾಗಿಲು ದಾಟುತ್ತದೆ. ತೀರದ ತೆಂಗಿನ ಸಾಲು ಒಂದು ಗೆರೆಯಾಗಿ, ಆ ಗೆರೆಯೂ ನೀರಿನೊಳಗೆ ಇಳಿದಂತೆ ಮಾಯವಾಗುತ್ತದೆ. ಅದಾದ ಸ್ವಲ್ಪ ಹೊತ್ತಿಗೆ ತಂಡೇಲರ ಮೊಬೈಲೂ ಮೌನವಾಗುತ್ತದೆ. ಆಳಸಮುದ್ರಕ್ಕೆ ಹೋದ ಬೋಟು ಮರಳಿ ದಕ್ಕೆ ಸೇರುವುದು ಒಂದು ವಾರ, ಹತ್ತು ದಿನಗಳ ನಂತರ. ಅಲ್ಲಿಯವರೆಗೆ ಬೋಟು ಎಲ್ಲಿದೆ ಎಂದು ಮನೆಯವರನ್ನು ಕೇಳಿದರೆ ‘ಕಡಲಲ್ಲಿದೆ’ ಎಂಬುದೇ ಉತ್ತರ.

ಈ ಉತ್ತರ ಎಷ್ಟು ಭಾರವಾಗಬಲ್ಲದು ಎಂಬುದನ್ನು ಕರಾವಳಿಯವರಿಗೆ ಹೇಳಬೇಕಾಗಿಲ್ಲ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಏಳು ಮಂದಿಯೊಡನೆ ಹೊರಟ ‘ಸುವರ್ಣ ತ್ರಿಭುಜ’ ಬೋಟಿನ ಸಂಪರ್ಕ 15ರ ನಸುಕಿನ ನಂತರ ಕಡಿದುಹೋಯಿತು. ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣ ತೀರದಿಂದ ಸುಮಾರು 33 ಕಿಲೋಮೀಟರ್ ದೂರದಲ್ಲಿ, ಸಮುದ್ರತಳದಲ್ಲಿ, ನೌಕಾಪಡೆಯ ‘ನಿರೀಕ್ಷಕ್’ ನೌಕೆಗೆ ಸಿಕ್ಕಿದ್ದು 2019ರ ಮೇ 1ರಂದು. ನಡುವೆ ನಾಲ್ಕೂವರೆ ತಿಂಗಳು ಏಳು ಮನೆಗಳವರು ದಾರಿ ಕಾಯುತ್ತಿದ್ದರು. 2021ರ ಏಪ್ರಿಲ್‌ನಲ್ಲಿ ನವಮಂಗಳೂರು ತೀರದಿಂದ 43 ನಾಟಿಕಲ್ ಮೈಲು, ಅಂದರೆ ಸುಮಾರು 80 ಕಿಲೋಮೀಟರ್ ಆಚೆ, ಬೇಪೂರಿನ ಒಂದು ಮೀನುಗಾರಿಕಾ ಬೋಟಿಗೂ ಒಂದು ಸರಕು ಹಡಗಿಗೂ ರಾತ್ರಿಯಲ್ಲಿ ಡಿಕ್ಕಿಯಾಯಿತು. ಬೋಟಿನಲ್ಲಿದ್ದವರು 14 ಮಂದಿ, ಜೀವಂತವಾಗಿ ಸಿಕ್ಕವರು ಇಬ್ಬರು. ಕೋಸ್ಟ್ ಗಾರ್ಡಿಗೆ ಸುದ್ದಿ ಮುಟ್ಟಿಸಿದ್ದು ಆ ಸರಕು ಹಡಗೇ. ಉಪಗ್ರಹದ ಮೂಲಕ ಮಾತಾಡುವ ಯಂತ್ರ ದೊಡ್ಡ ಹಡಗಿನಲ್ಲಿರುತ್ತದೆ, ಸಣ್ಣ ಬೋಟಿನಲ್ಲಿ ಇರುವುದು ಅಪರೂಪ.

ಈ ಎರಡು ದುರಂತಗಳಲ್ಲಿ ಸಂಪರ್ಕ ಇದ್ದಿದ್ದರೆ ಏನಾಗುತ್ತಿತ್ತು ಎಂದು ದಡದಲ್ಲಿ ಕುಳಿತು ತೀರ್ಪು ಕೊಡುವುದು ಸರಿಯಲ್ಲ. ಆದರೆ 80 ಕಿಲೋಮೀಟರ್ ದೂರದ ಬೋಟಿನಿಂದ ಒಂದು ಪುಟ್ಟ ಸಂದೇಶ ದಡಕ್ಕೆ ಬರಲು ಏನು ಬೇಕು ಎಂಬ ಪ್ರಶ್ನೆಯನ್ನು ಯಾವ ಹೈಸ್ಕೂಲು ವಿದ್ಯಾರ್ಥಿಯೂ ಕೈಗೆತ್ತಿಕೊಳ್ಳಬಹುದು. ಅದಕ್ಕೆ ಬೇಕಾದ ಗಣಿತ ವರ್ಗಮೂಲ ಮತ್ತು ಗುಣಾಕಾರ, ಅಷ್ಟೇ.

ಮೊದಲನೆಯ ಅಡ್ಡಿ ಭೂಮಿಯೇ. ಭೂಮಿ ದುಂಡಗಿದೆ. ವಯರ್‌ಲೆಸ್ ಸೆಟ್ಟಿನ ವಿಎಚ್‌ಎಫ್ ಅಲೆಗಳೂ ಮೊಬೈಲಿನ ಅಲೆಗಳೂ ಹೆಚ್ಚುಕಡಿಮೆ ನೇರವಾಗಿಯೇ ಸಾಗುತ್ತವೆ. ನೀರಿನ ಉಬ್ಬನ್ನು ಸುತ್ತಿಕೊಂಡು ಹೋಗುವ ಅಭ್ಯಾಸ ಅವಕ್ಕಿಲ್ಲ. ವಾತಾವರಣ ಅವನ್ನು ಒಂದಿಷ್ಟು ಬಾಗಿಸುವುದರಿಂದ ಕಣ್ಣಿಗೆ ಕಾಣುವ ದಿಗಂತಕ್ಕಿಂತ ತುಸು ಮುಂದಕ್ಕೆ ಹೋಗುತ್ತವೆ. ಲೆಕ್ಕ ಹೀಗಿದೆ: ಆಂಟೆನಾದ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಅದರ ರೇಡಿಯೊ ದಿಗಂತ ಕಿಲೋಮೀಟರಿನಲ್ಲಿ ಸಿಗುತ್ತದೆ. ಬೋಟಿನ ಆಂಟೆನಾ 9 ಮೀಟರ್ ಎತ್ತರದಲ್ಲಿದ್ದರೆ ವರ್ಗಮೂಲ 3, ದಿಗಂತ ಸುಮಾರು 12.4 ಕಿಲೋಮೀಟರ್. ದಡದ ಗೋಪುರ 36 ಮೀಟರ್ ಇದ್ದರೆ ವರ್ಗಮೂಲ 6, ದಿಗಂತ 24.7 ಕಿಲೋಮೀಟರ್. ಎರಡನ್ನೂ ಕೂಡಿಸಿದರೆ 37. ಗೋಪುರಕ್ಕೂ ಬೋಟಿಗೂ ನೇರ ಮಾತುಕತೆಗೆ ಇದು ಎಲ್ಲೆ. ಬೋಟಿಗೂ ಬೋಟಿಗೂ ನಡುವೆಯಾದರೆ 25 ಕಿಲೋಮೀಟರಿಗೆ ತುಸು ಕಡಿಮೆ.

ಗೋಪುರವನ್ನು ಇನ್ನಷ್ಟು ಎತ್ತರಿಸಬಾರದೇ ಎಂದು ಕೇಳಬಹುದು. ವರ್ಗಮೂಲದ ಚೇಷ್ಟೆ ಇರುವುದು ಇಲ್ಲಿಯೇ. ದಿಗಂತ ಇಮ್ಮಡಿಯಾಗಬೇಕಾದರೆ ಎತ್ತರ ನಾಲ್ಕು ಪಟ್ಟಾಗಬೇಕು. 36 ಮೀಟರಿನ ಗೋಪುರವನ್ನು 144 ಮೀಟರ್ ಮಾಡಿದರೂ ದೊರೆಯುವುದು ಹೆಚ್ಚುವರಿ 25 ಕಿಲೋಮೀಟರ್ ಮಾತ್ರ. 80 ಕಿಲೋಮೀಟರಿನ ಬೋಟು ಆಗಲೂ ಎಲ್ಲೆಯ ಹೊರಗೇ.

ಇದಕ್ಕೆ ಮೀನುಗಾರರಲ್ಲಿ ಹಳೆಯ ಪರಿಹಾರವೊಂದಿದೆ. ದೂರದ ಬೋಟಿನವರು ನಡುವಿನ ಬೋಟಿಗೆ ವಯರ್‌ಲೆಸ್‌ನಲ್ಲಿ ಹೇಳುತ್ತಾರೆ, ಅವರು ದಡಕ್ಕೆ ಹತ್ತಿರದವರಿಗೆ ಹೇಳುತ್ತಾರೆ. ಬಂಗುಡೆ ಎಲ್ಲಿ ಬಿದ್ದಿದೆ, ಗಾಳಿ ಎಲ್ಲಿ ಎದ್ದಿದೆ ಎಂಬ ಸುದ್ದಿಗಳು ಹೀಗೆಯೇ ದಾಟುತ್ತವೆ. ಇದೇ ಕೆಲಸವನ್ನು ಮನುಷ್ಯರ ಬದಲು ಯಂತ್ರಗಳು ತಾವಾಗಿ ಮಾಡಿದರೆ ಅದಕ್ಕೆ ಮೆಶ್ ಜಾಲ ಎಂದು ಹೆಸರು. ಮೆಶ್ ಎಂದರೆ ಬಲೆಯ ಕಣ್ಣು. ದಕ್ಕೆಯ ಮಕ್ಕಳಿಗೆ ಇದಕ್ಕಿಂತ ಸುಲಭದ ಪಾರಿಭಾಷಿಕ ಪದ ಸಿಗಲಾರದು. ಪ್ರತಿ ಬೋಟಿನ ಪೆಟ್ಟಿಗೆ ತನ್ನ ಸಂದೇಶವನ್ನೂ ಕಳಿಸುತ್ತದೆ, ಕಿವಿಗೆ ಬಿದ್ದ ಬೇರೆಯವರ ಸಂದೇಶವನ್ನೂ ಮುಂದಕ್ಕೆ ದಾಟಿಸುತ್ತದೆ. ಕಾಗದದ ಮೇಲೆ 80 ಕಿಲೋಮೀಟರಿಗೆ ನಡುವೆ ಎರಡು ಬೋಟು ಸಾಕು. ಆದರೆ ಎಲ್ಲೆಯ ತುದಿಯಲ್ಲಿ ಸಂಕೇತ ಬಹಳ ಕ್ಷೀಣವಾಗಿರುವುದರಿಂದ ಮೂರು ಬೇಕೆಂದು ಇಟ್ಟುಕೊಳ್ಳಿ.

ಈಗ ನಿಜವಾದ ತೊಂದರೆ. ಕಡಲಿನ ಮೇಲೆ ಬೋಟು ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ಆಂಟೆನಾ ಆ ಕಡೆ ಈ ಕಡೆ ವಾಲುತ್ತದೆ. ದೊಡ್ಡ ತೆರೆ ಎದ್ದಾಗ ಎದುರಿನ ಬೋಟು ಮರೆಯಾಗುತ್ತದೆ. ನೇರವಾಗಿ ಬಂದ ಅಲೆಯೂ ನೀರಿನ ಮೇಲೆ ಪ್ರತಿಫಲಿಸಿ ಬಂದ ಅಲೆಯೂ ಕೆಲವೊಮ್ಮೆ ಒಂದನ್ನೊಂದು ಅಳಿಸಿಹಾಕುತ್ತವೆ. ಬ್ಯಾಟರಿ ಇಳಿದಿರಬಹುದು, ಸೆಟ್ಟಿಗೆ ಉಪ್ಪುನೀರು ಹೊಕ್ಕಿರಬಹುದು. ಹೀಗಾಗಿ ನಡುವಿನ ಪ್ರತಿ ಬೋಟು 100 ಸಂದೇಶಗಳಲ್ಲಿ 80ನ್ನು ಮಾತ್ರ ಸರಿಯಾಗಿ ದಾಟಿಸುತ್ತದೆ ಎಂದು ಲೆಕ್ಕಕ್ಕಾಗಿ ಹಿಡಿಯಿರಿ. ಶಾಲೆಯಲ್ಲಿ 80 ಅಂಕ ಬಂದರೆ ಮನೆಯಲ್ಲಿ ಪಾಯಸ. ಆದರೆ ಮೂರು ಬೋಟು ಸಾಲಾಗಿ ನಿಂತರೆ 0.8 × 0.8 × 0.8 = 0.512. ನೂರರಲ್ಲಿ 51! ಪ್ರಾಣಾಪಾಯದ ಕೂಗು ದಡ ಮುಟ್ಟುವುದು ನಾಣ್ಯ ಚಿಮ್ಮಿದಂತೆ ಆಯಿತು.

ಮೀಸಲು ರಿಲೇ ಬೇಕಾಗುವುದು ಇದಕ್ಕಾಗಿ. ಇದರ ತತ್ತ್ವ ಪ್ರತಿ ಮನೆಯ ತಾಯಂದಿರಿಗೂ ಗೊತ್ತು. ಮಗುವಿಗೆ ಜ್ವರ ಬಂದಾಗ ರಜಾ ಅರ್ಜಿಯನ್ನು ಪಕ್ಕದ ಮನೆಯ ಹುಡುಗನ ಕೈಯಲ್ಲಿ ಕೊಡುತ್ತಾರೆ. ಅವನು ಮರೆತಾನು ಎಂಬ ಅನುಮಾನದಿಂದ ಎದುರು ಮನೆಯ ಹುಡುಗಿಗೂ ಒಂದು ಮಾತು ಹೇಳಿಡುತ್ತಾರೆ. ಇಬ್ಬರೂ 100ರಲ್ಲಿ 20 ಸಲ ಮರೆಯುವವರಾದರೂ ಇಬ್ಬರೂ ಒಟ್ಟಿಗೆ ಮರೆಯುವುದು 0.2 × 0.2, ಅಂದರೆ 100ರಲ್ಲಿ 4 ಸಲ ಮಾತ್ರ. 80 ಇದ್ದದ್ದು 96 ಆಯಿತು, ಯಾರೊಬ್ಬರ ಮರೆವೂ ಕಡಿಮೆಯಾಗದೆ.

ಕಡಲಿಗೂ ಇದನ್ನೇ ಅನ್ವಯಿಸಿ. ಮೂರು ಬೋಟುಗಳ ಬದಲು ಆರು ಇವೆ. ಅವನ್ನು ಎರಡು ರೀತಿಯಲ್ಲಿ ಬಳಸಬಹುದು. ಮೊದಲನೆಯ ರೀತಿಯಲ್ಲಿ, ಮೂರು ಮೂರು ಬೋಟುಗಳ ಎರಡು ಪ್ರತ್ಯೇಕ ಸಾಲು. ಒಂದು ಸಾಲು ತಪ್ಪಿದರೆ ಇನ್ನೊಂದು. ಪ್ರತಿ ಸಾಲು ಸೋಲುವುದು 0.488, ಎರಡೂ ಸೋಲುವುದು 0.488 × 0.488 ≈ 0.238. ಗೆಲುವು 100ರಲ್ಲಿ 76. ಎರಡನೆಯ ರೀತಿಯಲ್ಲಿ ಬೋಟುಗಳು ಅವೇ, ಆದರೆ ಪ್ರತಿ ಹಂತದಲ್ಲಿ ಎರಡೆರಡು ಜೋಡಿಯಾಗಿ ನಿಂತಿವೆ. ಹಿಂದಿನ ಜೋಡಿಯಲ್ಲಿ ಯಾರೇ ಹೇಳಲಿ, ಮುಂದಿನ ಜೋಡಿಯ ಇಬ್ಬರಿಗೂ ಕೇಳಿಸುತ್ತದೆ. ಆಗ ಪ್ರತಿ ಹಂತ 0.96, ಮೂರು ಹಂತಕ್ಕೆ 0.96 × 0.96 × 0.96 ≈ 0.885. ನೂರರಲ್ಲಿ 88!

ಆರು ಬೋಟು, ಅದೇ ಯಂತ್ರ, ಅದೇ ಖರ್ಚು. ಆದರೂ 76 ಮತ್ತು 88. ಕಾರಣ ಸರಳ. ಪ್ರತ್ಯೇಕ ಸಾಲುಗಳಲ್ಲಿ ಒಂದರ ಮೊದಲ ಬೋಟೂ ಇನ್ನೊಂದರ ಕೊನೆಯ ಬೋಟೂ ಕೆಟ್ಟರೆ ಉಳಿದ ನಾಲ್ಕು ಬೋಟು ಸರಿಯಿದ್ದರೂ ಸುದ್ದಿ ತಲುಪದು. ಅಡ್ಡ ಎಳೆಗಳಿರುವ ಜಾಲದಲ್ಲಿ ಸುದ್ದಿ ಕೆಟ್ಟ ಬೋಟನ್ನು ಬಳಸಿಕೊಂಡು ಹೋಗುತ್ತದೆ. ಬಲೆಗೂ ಎರಡು ಹಗ್ಗಕ್ಕೂ ಇರುವ ವ್ಯತ್ಯಾಸ ಇದೇ.

ತರಗತಿಯಲ್ಲಿ ಇದನ್ನು ಮಾಡಿ ನೋಡಬಹುದು. ಆರು ವಿದ್ಯಾರ್ಥಿಗಳನ್ನು ಇಬ್ಬಿಬ್ಬರಂತೆ ಮೂರು ಜೋಡಿಯಾಗಿ ನಿಲ್ಲಿಸಿ. ಪ್ರತಿಯೊಬ್ಬರ ಕೈಗೂ ಒಂದು ಚೀಲ, ಅದರಲ್ಲಿ ಒಂದೇ ಗಾತ್ರದ ನಾಲ್ಕು ಬಿಳಿ, ಒಂದು ಕಪ್ಪು ಅಂಗಿಗುಂಡಿ. ಎಲ್ಲರೂ ನೋಡದೆ ಒಂದೊಂದು ಗುಂಡಿ ತೆಗೆಯಲಿ. ಕಪ್ಪು ಬಂದವರು ಆ ಸಲದ ಮಟ್ಟಿಗೆ ಕೆಟ್ಟ ಬೋಟು. ಎಡಸಾಲಿನ ಮೂವರದೂ ಅಥವಾ ಬಲಸಾಲಿನ ಮೂವರದೂ ಬಿಳಿಯಾಗಿದ್ದರೆ ‘ಸಾಲು’ ಎಂಬ ಕಲಮಿಗೆ ಒಂದು ಗೆರೆ. ಪ್ರತಿ ಜೋಡಿಯಲ್ಲಿ ಒಂದಾದರೂ ಬಿಳಿ ಇದ್ದರೆ ‘ಬಲೆ’ ಎಂಬ ಕಲಮಿಗೆ ಒಂದು ಗೆರೆ. ನೂರು ಸಲ ಮಾಡಿದರೆ 76 ಮತ್ತು 88ರ ಆಸುಪಾಸು ಬರುತ್ತದೆ; ಸರಿಯಾಗಿ ಅಷ್ಟೇ ಬಂದರೆ ಯಾರೋ ಲೆಕ್ಕ ತಿದ್ದಿದ್ದಾರೆಂದು ಅನುಮಾನಿಸಬಹುದು! ‘ಸಾಲು’ ಗೆದ್ದು ‘ಬಲೆ’ ಸೋತ ಒಂದೇ ಒಂದು ಆಟವೂ ಇರುವುದಿಲ್ಲ. ಯಾಕೆಂದು ಮಕ್ಕಳೇ ಹೇಳಲಿ.

ಆದರೆ ಈ ಗುಣಾಕಾರದೊಳಗೆ ಒಂದು ಷರತ್ತು ಅಡಗಿ ಕುಳಿತಿದೆ. ಪಾಠ ಮಾಡುವಾಗ ಬಹಳಷ್ಟು ಸಲ ಹಾರಿಹೋಗುವ ಷರತ್ತು ಅದು. ರಜಾ ಅರ್ಜಿಯನ್ನು ಒಂದೇ ಮನೆಯ ಅಣ್ಣ ತಮ್ಮಂದಿರಿಬ್ಬರಿಗೆ ಕೊಟ್ಟಿರಿ ಎನ್ನಿ. ಮಳೆ ಸುರಿದು ಕೊಟ್ಟಾರ ಚೌಕಿಯಲ್ಲಿ ನೀರು ನಿಂತಿತು, ಬಸ್ಸು ಮುಂದೆ ಹೋಗಲಿಲ್ಲ. ಅಣ್ಣನೂ ತಲುಪಲಿಲ್ಲ, ತಮ್ಮನೂ ತಲುಪಲಿಲ್ಲ. ಇಬ್ಬರಿದ್ದರೂ ಆಗಿದ್ದು ಒಬ್ಬನ ಕೆಲಸವೇ. 0.2 × 0.2 ಎಂದು ಗುಣಿಸುವ ಹಕ್ಕು ಇರುವುದು ಎರಡು ಸೋಲುಗಳೂ ಒಂದಕ್ಕೊಂದು ಸಂಬಂಧವಿಲ್ಲದೆ ಆಗುವಾಗ ಮಾತ್ರ. ಮೀಸಲು ಬೋಟು ಮುಖ್ಯ ಬೋಟಿನ ಮಗ್ಗುಲಲ್ಲೇ ಇದ್ದರೆ ಅದೇ ತೆರೆ, ಅದೇ ಗಾಳಿಮಳೆ ಎರಡನ್ನೂ ಒಟ್ಟಿಗೆ ಮರೆಮಾಡುತ್ತದೆ. ಕೆಲವು ಕಿಲೋಮೀಟರ್ ಬದಿಗೆ ಇದ್ದರೆ ಮಾತ್ರ ಅದು ಮೀಸಲು. ತೀರ ದೂರ ಹೋದರೆ ಕೇಳಿಸುವುದೇ ಇಲ್ಲ. ಮೀನು ಇರುವಲ್ಲಿ ಬೋಟುಗಳೆಲ್ಲ ಗುಂಪು ಸೇರುವುದು ಸಹಜ. ಜಾಲಕ್ಕೆ ಬೇಕಾದದ್ದು ಚದುರಿದ ಬೋಟುಗಳು. ಈ ಜಗಳವನ್ನು ಎಂಜಿನಿಯರು ಬಿಡಿಸಲಾರ.

ಇನ್ನು ಮೀಸಲಿನವನಿಗೆ ತನ್ನ ಸರದಿ ಬಂತೆಂದು ತಿಳಿಯುವುದು ಹೇಗೆ? ತಂತಿಗೂ ನಿಸ್ತಂತುವಿಗೂ ಇರುವ ದೊಡ್ಡ ಅಂತರ ಇಲ್ಲಿ ನೆರವಿಗೆ ಬರುತ್ತದೆ. ತಂತಿಯಲ್ಲಿ ಕಳಿಸಿದ್ದು ತಂತಿಯ ಆ ತುದಿಗೆ ಮಾತ್ರ. ಗಾಳಿಯಲ್ಲಿ ಹೇಳಿದ್ದು ಸುತ್ತ ಇದ್ದವರ ಕಿವಿಗೆಲ್ಲ ಬೀಳುತ್ತದೆ. ಮುಖ್ಯ ಬೋಟಿಗೆ ಹೇಳಿದ ಸಂದೇಶವನ್ನು ಮೀಸಲು ಬೋಟು ಕೇಳಿಸಿಕೊಂಡು ಒಂದು ಪ್ರತಿ ಇಟ್ಟುಕೊಳ್ಳುತ್ತದೆ. ಕ್ಷಣಕಾಲ ಸುಮ್ಮನೆ ಕಾಯುತ್ತದೆ. ಮುಖ್ಯ ಬೋಟು ಅದನ್ನು ಮುಂದಕ್ಕೆ ಹೇಳುವುದು ಕೇಳಿಸಿತೋ, ತನ್ನ ಪ್ರತಿಯನ್ನು ಎಸೆದುಬಿಡುತ್ತದೆ. ಕೇಳಿಸಲಿಲ್ಲವೋ, ತಾನೇ ಹೇಳುತ್ತದೆ. ಮಗ್ಗಿ ಹೇಳುವಾಗ ಎದ್ದುನಿಂತ ಹುಡುಗ ತಡವರಿಸಿದ ಕೂಡಲೇ ಹಿಂದಿನ ಬೆಂಚಿನವನು ಉಸುರುವಂತೆ. ಅಮೆರಿಕದ ಎಂಐಟಿಯಲ್ಲಿ ಸಂಜಿತ್ ಬಿಸ್ವಾಸ್ ಮತ್ತು ರಾಬರ್ಟ್ ಮಾರಿಸ್ ಎಂಬವರು ಮನೆಗಳ ತಾರಸಿಯ ಮೇಲೆ ಕಟ್ಟಿದ ನಿಸ್ತಂತು ಜಾಲವೊಂದರಲ್ಲಿ ಇದೇ ಜಾಡಿನ ಒಂದು ಉಪಾಯವನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದರು. ದಾರಿಯನ್ನು ಮೊದಲೇ ಗೊತ್ತುಮಾಡುವುದಿಲ್ಲ. ಯಾರಿಗೆ ಕೇಳಿಸಿತೋ ಅವರಲ್ಲಿ ಗುರಿಗೆ ಹತ್ತಿರವಿದ್ದವರು ಮುಂದಕ್ಕೆ ದಾಟಿಸುತ್ತಾರೆ.

ಎಲ್ಲರೂ ಕಾಯದೆ ಒಮ್ಮೆಲೇ ಹೇಳಿಬಿಟ್ಟರೆ? ತರಗತಿಯಲ್ಲಿ ಪ್ರಶ್ನೆ ಕೇಳಿದಾಗ ನಲವತ್ತು ಮಂದಿ ಒಟ್ಟಿಗೆ ಕೂಗಿದರೆ ಏನು ಕೇಳಿಸುತ್ತದೋ ಅದೇ. ಮೀಸಲು ಹೆಚ್ಚಿದಷ್ಟೂ ಒಳ್ಳೆಯದು ಎಂಬುದು ತಪ್ಪು. ಒಂದು ಮಿತಿ ದಾಟಿದ ಮೇಲೆ ಮೀಸಲುಗಳೇ ಒಬ್ಬರ ಮಾತನ್ನೊಬ್ಬರು ಕೆಡಿಸುತ್ತಾರೆ. ಜಾಲಶಾಸ್ತ್ರದಲ್ಲಿ ಇದಕ್ಕೆ ‘ಪ್ರಸಾರದ ಬಿರುಗಾಳಿ’ ಎಂದೇ ಹೆಸರು. ಇಂದು ಹವ್ಯಾಸಿಗಳು ಬಳಸುವ ಮೆಶ್‌ಟಾಸ್ಟಿಕ್ ಎಂಬ ಪುಟ್ಟ ಮೆಶ್ ವ್ಯವಸ್ಥೆಯಲ್ಲಿ ಇದಕ್ಕೊಂದು ಚೆಂದದ ನಿಯಮವಿದೆ. ಯಾರಿಗೆ ಸಂದೇಶ ತೀರ ಕ್ಷೀಣವಾಗಿ ಕೇಳಿಸಿತೋ ಅವರು ಮೊದಲು ಮಾತಾಡಬೇಕು. ಕ್ಷೀಣವಾಗಿ ಕೇಳಿಸಿದೆಯೆಂದರೆ ಅವರು ದೂರ ಇದ್ದಾರೆ, ಅವರು ಹೇಳಿದರೆ ಸುದ್ದಿ ಹೆಚ್ಚು ದೂರ ಹೋಗುತ್ತದೆ. ಅದು ಕೇಳಿಸಿದ ಹತ್ತಿರದವರು ಬಾಯಿ ಮುಚ್ಚುತ್ತಾರೆ. ಸುದ್ದಿ ಕೊನೆಯಿಲ್ಲದೆ ಸುತ್ತದಿರಲಿ ಎಂದು, ಇಂತಿಷ್ಟೇ ಸಲ ದಾಟಬೇಕು ಎಂಬ ಎಣಿಕೆಯೂ ಸಂದೇಶದೊಳಗೇ ಇರುತ್ತದೆ. ಇದು ಬಳಸುವುದು ಲೋರಾ ಎಂಬ ನಿಧಾನ ಸಂಕೇತವನ್ನು. ಮಾತು, ಚಿತ್ರ ಸಾಗದು, ಕೆಲವು ಸಾಲು ಅಕ್ಷರ ಸಾಗುತ್ತದೆ. ಭಾರತದಲ್ಲಿ ಇಂತಹ ಸಣ್ಣ ಸಾಧನಗಳಿಗೆ 865ರಿಂದ 868 ಮೆಗಾಹರ್ಟ್ಸ್ ಪಟ್ಟಿ ಪರವಾನಗಿಯಿಲ್ಲದೆ ತೆರೆದಿದೆ. ‘ಬೋಟಿಗೆ ನೀರು ನುಗ್ಗುತ್ತಿದೆ’ ಎನ್ನುವುದಕ್ಕೂ ಬೋಟು ಇರುವ ಜಾಗ ತಿಳಿಸುವುದಕ್ಕೂ ಒಂದು ಸಾಲು ಸಾಕಲ್ಲವೇ?

ನೂರರಲ್ಲಿ 88 ಎಂದರೂ 12 ತಪ್ಪಿದವು. ತಪ್ಪಿದ್ದನ್ನು ಮತ್ತೊಮ್ಮೆ ಕಳಿಸಿದರೆ, ಎರಡನೆಯ ಸಲವೂ ತಪ್ಪುವುದು ನೂರರಲ್ಲಿ ಒಂದೋ ಎರಡೋ. ಆದರೆ ತಪ್ಪಿದೆಯೆಂದು ಕಳಿಸಿದವನಿಗೆ ಗೊತ್ತಾಗಬೇಕು. ಅದಕ್ಕೆ ಸ್ವೀಕೃತಿ ಬೇಕು, ‘ಮುಟ್ಟಿತು’ ಎಂಬ ಮರುಮಾತು. ಹವಾಯಿ ದ್ವೀಪಗಳ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಅಬ್ರಾಮ್‌ಸನ್ ಮತ್ತವರ ಸಂಗಡಿಗರು 1971ರಲ್ಲಿ ದ್ವೀಪದಿಂದ ದ್ವೀಪಕ್ಕೆ ರೇಡಿಯೊ ಮೂಲಕ ಕಂಪ್ಯೂಟರ್ ಸಂದೇಶ ಕಳಿಸುವ ‘ಅಲೋಹಾ’ ಜಾಲವನ್ನು ನಡೆಸಿದಾಗ ಅನುಸರಿಸಿದ ಕ್ರಮ ಇದು. ಸ್ವೀಕೃತಿ ಬಾರದಿದ್ದರೆ, ಮನಸ್ಸಿಗೆ ಬಂದಷ್ಟು ಹೊತ್ತು ಕಾದು, ಮತ್ತೆ ಕಳಿಸು. ಎಲ್ಲರೂ ಒಂದೇ ಹೊತ್ತು ಕಾದರೆ ಮತ್ತೆ ಎಲ್ಲರೂ ಒಟ್ಟಿಗೆ ಕೂಗುತ್ತಾರೆ, ಅದಕ್ಕಾಗಿ ಕಾಯುವ ಹೊತ್ತು ಬೇರೆ ಬೇರೆ. ಸ್ವೀಕೃತಿಯೂ ಅದೇ ಕಡಲನ್ನು ದಾಟಿ ಬರಬೇಕಾದ್ದರಿಂದ ಅದೂ ಕೆಲವೊಮ್ಮೆ ತಪ್ಪುತ್ತದೆ. ಆಗ ಮುಟ್ಟಿದ ಸಂದೇಶವೇ ಇನ್ನೊಮ್ಮೆ ಬರುತ್ತದೆ. ಒಂದು ಬೋಟಿನ ಅಪಾಯ ಎರಡು ಬೋಟಿನದೆಂದು ದಡದವರು ಗಾಬರಿಯಾಗದಿರಲಿ ಎಂದು ಪ್ರತಿ ಸಂದೇಶಕ್ಕೂ ಒಂದು ಸಂಖ್ಯೆ ಇರುತ್ತದೆ. ಅದೇ ಸಂಖ್ಯೆ ಮತ್ತೆ ಬಂದರೆ ಎರಡನೆಯದನ್ನು ಬಿಟ್ಟುಬಿಡುವುದು.

ಸ್ವೀಕೃತಿಯ ಬೆಲೆ ಎಷ್ಟೆಂಬುದಕ್ಕೆ ಇಸ್ರೋದ ಅನುಭವವೇ ಇದೆ. ಅಪಾಯದ ಗುಂಡಿ ಒತ್ತಿದರೆ ಉಪಗ್ರಹದ ಮೂಲಕ ಚೆನ್ನೈಯ ಕೋಸ್ಟ್ ಗಾರ್ಡ್ ಕೇಂದ್ರಕ್ಕೆ ಸುದ್ದಿ ಹೋಗುವ ಸಾಧನವನ್ನು ಅದು 2010ರಿಂದ ಮೀನುಗಾರರಿಗೆ ಒದಗಿಸಿದೆ. ಆ ಸಾಧನದಲ್ಲಿ ಸುದ್ದಿ ಹೋಗುವುದು ಮಾತ್ರ, ಬರುವುದಿಲ್ಲ. ತೆರೆಗಳ ನಡುವೆ ಗುಂಡಿ ಒತ್ತಿದವನಿಗೆ ಯಾರಾದರೂ ಕೇಳಿಸಿಕೊಂಡರೋ ಇಲ್ಲವೋ ಗೊತ್ತಾಗದು. ಬೋಟನ್ನು ಬಿಟ್ಟು ನೀರಿಗೆ ಹಾರುವುದೋ, ಅಂಟಿಕೊಂಡು ಕಾಯುವುದೋ? 2024ರಲ್ಲಿ ಬಳಕೆಗೆ ಬಂದ ಎರಡನೆಯ ತಲೆಮಾರಿನ ಸಾಧನದಲ್ಲಿ ಮುಖ್ಯ ಸುಧಾರಣೆಯೇ ದಡದಿಂದ ಮರಳಿ ಬರುವ ಸ್ವೀಕೃತಿ. ಬೋಟುಗಳನ್ನೇ ಕೊಂಡಿಗಳಾಗಿಸುವ ಪ್ರಯೋಗವೂ ದೂರದಲ್ಲೇನಿಲ್ಲ. ಕೇರಳದ ಅಮೃತ ವಿಶ್ವವಿದ್ಯಾಪೀಠದವರ ‘ಓಷನ್‌ನೆಟ್’ ಯೋಜನೆಯಲ್ಲಿ ಮೀನುಗಾರಿಕಾ ಬೋಟುಗಳ ಮೇಲೆ ಆಂಟೆನಾ ಕೂರಿಸಿ, ಬೋಟಿನಿಂದ ಬೋಟಿಗೆ, ಅಲ್ಲಿಂದ ದಡಕ್ಕೆ ಇಂಟರ್‌ನೆಟ್ ದಾಟಿಸಿ ನೋಡಿದ್ದಾರೆ. ಉಪಗ್ರಹವೋ ಬೋಟುಗಳ ಜಾಲವೋ ಎಂಬ ಚರ್ಚೆ ಕೆಲವೆಡೆ ಕೇಳಿಬರುತ್ತದೆ. ಮೇಲಿನ ಗುಣಾಕಾರ ಕಲಿತವರಿಗೆ ಆ ಚರ್ಚೆ ವ್ಯರ್ಥವೆನಿಸೀತು. ಒಂದು ಆಕಾಶದ ದಾರಿ, ಇನ್ನೊಂದು ನೀರಿನ ಮೇಲಿನ ದಾರಿ. ಎರಡೂ ಒಂದೇ ಕಾರಣಕ್ಕೆ ಕೆಡುವುದು ಕಡಿಮೆ. ಒಂದಕ್ಕೊಂದು ಒಳ್ಳೆಯ ಮೀಸಲು ಇವೇ.

ಎರಡು ಮಾತು ಉಳಿದಿವೆ. ಒಂದು, ದಡದ ತುದಿ. ಕಡಲಿನಲ್ಲಿ ಎಷ್ಟೇ ಮೀಸಲಿರಲಿ, ಸುದ್ದಿಯೆಲ್ಲ ಬಂದು ಸೇರುವುದು ಒಂದೇ ಗೋಪುರಕ್ಕಾದರೆ ಆ ಗೋಪುರಕ್ಕೆ ಕರೆಂಟು ಹೋದ ರಾತ್ರಿ 88 ಸೊನ್ನೆಯಾಗುತ್ತದೆ. ಸುರತ್ಕಲ್ ಕಡೆ ಒಂದು, ಉಳ್ಳಾಲದ ಕಡೆ ಒಂದು, ಎರಡಕ್ಕೂ ಬೇರೆ ಬೇರೆ ವಿದ್ಯುತ್ ಮಾರ್ಗ, ಹೀಗಿದ್ದರೆ ಸರಿ. ಒಂದೇ ಮಾರ್ಗದಿಂದ ಕರೆಂಟು ಪಡೆಯುವ ಎರಡು ಗೋಪುರಗಳು ಮತ್ತೆ ಅದೇ ಅಣ್ಣ ತಮ್ಮಂದಿರು.

ಇನ್ನೊಂದು, ಮಳೆಗಾಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ದಕ್ಕೆಯಲ್ಲಿ ಅವು ಒಂದಕ್ಕೊಂದು ಒತ್ತಿಕೊಂಡು ಲಂಗರು ಹಾಕಿರುತ್ತವೆ. ಆಗ ಕಡಲಿಗಿಳಿಯುವುದು ನಾಡದೋಣಿಗಳು ಮಾತ್ರ, ಅದೂ ಕಡಲು ಅತ್ಯಂತ ಒರಟಾಗಿರುವ ದಿನಗಳಲ್ಲಿ. ರಿಲೇ ಆಗಬೇಕಾದ ದೊಡ್ಡ ಬೋಟು ಒಂದೂ ಹೊರಗಿರುವುದಿಲ್ಲ. ದೋಣಿಯ ಮೇಲೆ ಆಂಟೆನಾ 2 ಮೀಟರ್ ಎತ್ತರ ನಿಂತರೆ ಹೆಚ್ಚು. 2ರ ವರ್ಗಮೂಲ 1.41, ದಿಗಂತ 5.8 ಕಿಲೋಮೀಟರ್. ದೋಣಿಯಿಂದ ದೋಣಿಗೆ 12 ಕಿಲೋಮೀಟರೂ ಇಲ್ಲ. ದಡದ 36 ಮೀಟರ್ ಗೋಪುರಕ್ಕಾದರೆ 30 ಕಿಲೋಮೀಟರ್ ಸಿಗುತ್ತದೆ. ಆ ಎರಡು ತಿಂಗಳು ನಾಡದೋಣಿಗೆ ಮುಖ್ಯ ದಾರಿಯೂ ಮೀಸಲು ದಾರಿಯೂ ದಡದ ಗೋಪುರಗಳೇ. ಎಷ್ಟು ಗೋಪುರ, ಎಷ್ಟು ದೂರಕ್ಕೊಂದು, ಎಲ್ಲೆಲ್ಲಿ ಎಂಬುದನ್ನು ತಲಪಾಡಿಯಿಂದ ಮೂಲ್ಕಿಯವರೆಗಿನ ನಕಾಶೆಯೊಂದನ್ನು ಮುಂದಿಟ್ಟುಕೊಂಡು, ಕೈವಾರದಲ್ಲಿ 30 ಕಿಲೋಮೀಟರಿನ ವೃತ್ತಗಳನ್ನು ಎಳೆದು ಮಕ್ಕಳು ಗುರುತಿಸಬಹುದು. ಕಡಲಿನ ಪ್ರತಿ ಬಿಂದುವೂ ಎರಡು ವೃತ್ತಗಳೊಳಗೆ ಬರಬೇಕು ಎಂಬುದೊಂದೇ ಷರತ್ತು.